ಮಡಿಕೆ ಬಿಚ್ಚದ ಟವೆಲು

ಯುದ್ಧದಲ್ಲಿ ಸೇನೆಯ ಹೆಲಿಕಾಪ್ಟರ್ ಬಿದ್ದು, ಜೊತೆಗಿದ್ದ ಸೈನಿಕರೆಲ್ಲರ ಸಂಗಡ ನಮ್ಮಣ್ಣ ಸುಭಾಸನೂ ತೀರಿಕೊಂಡ. ನಮ್ಮೂರು ಕೋಗಿಲಬನಕ್ಕೆ ಬಂದ ಶವಪೆಟ್ಟಿಗೆಯನ್ನು ತೆರೆಯಬೇಡಿ ಎಂದು ಸೇನೆಯವರು ಹೇಳಿದರು. ಕಡೆಯ ಜಳಕ ಮಾಡಿಸದೆ ಮಗನಿಗೆ ಮಣ್ಣು ಕೊಟ್ಟೆನೆಂಬ ಕೊರಗು ಅವ್ವನನ್ನು ಬಿಡಲಿಲ್ಲ.

ವರ್ಷ ತುಂಬಿದ ದಿನ ಬಚ್ಚಲಲ್ಲಿ ಹಂಡೆ ತುಂಬ ನೀರು ಕಾಯಿಸಿ, ಅವನ ಟವೆಲು ಇಟ್ಟು, ಹೊರಗಿನಿಂದ ಚಿಲಕ ಹಾಕಿದಳು. ನೀರು ಸುರಿದುಕೊಳ್ಳುವ ಸದ್ದು ಸಂಜೆಯತನಕ ಕೇಳಿಸಿತು.

ತೆರೆದಾಗ ಹಂಡೆ ಬರಿದಾಗಿತ್ತು, ಸುಟ್ಟ ಎಣ್ಣೆಯ ವಾಸನೆ ಕವಿದಿತ್ತು. ಒಲೆಯ ಬೂದಿ ಮೆತ್ತಿದ ಗಂಡಸರ ಹೆಜ್ಜೆಗಳು ನೆಲದ ತುಂಬ ಇದ್ದವು, ಒಂದರಂತೆ ಒಂದಿಲ್ಲ. ಟವೆಲು ಮಾತ್ರ ಮಡಿಕೆ ಬಿಚ್ಚದೆ ಒಣಗಿಯೇ ಇತ್ತು.

“ಅಂವ ಎಲ್ಲಾರದೂ ಆದಮ್ಯಾಲ ಜಳಕಾ ಮಾಡಾಂವ,” ಎಂದು ಅವ್ವ ಮತ್ತೆ ಒಲೆ ಹಚ್ಚಿದಳು.

ಅಂದಿನಿಂದ ಪ್ರತಿ ವರ್ಷವೂ ಆ ದಿನ ಅವ್ವ ತುಂಬಿಸಿಟ್ಟ ಹಂಡೆ ಬರಿದಾಗುತ್ತದೆ. ಟವೆಲಿನ ಮಡಿಕೆ ಇನ್ನೂ ಬಿಚ್ಚಿಲ್ಲ.