ಕಲ್ಲಾಟದ ದಿನ ಮನೆಯಲ್ಲಿ ಉಳಿದವರು

ರೆವಿ ಕಲ್ಲಾಟಕ್ಕೆ ಹೋಗದೆ ಉಳಿದದ್ದು ತನಗಾಗಿಯೇ ಎಂದು ಇಷ್ಬೆಲ್ ತಿಳಿದಳು. ಹಾಗೆ ತಿಳಿಯುವುದಕ್ಕೆ ಅವಳಿಗೆ ಕಾರಣವೂ ಇತ್ತು.

ನಡು ಚಳಿಗಾಲದ ಆ ಜುಲೈನಲ್ಲಿ ಮ್ಯಾನಿಯೊಟೊಟೊ ಬಯಲಿನ ಬೇಲಿ ತಂತಿಗಳೂ ಹಿಮ ಕೂತು ಬೆಳ್ಳಗೆ ದಪ್ಪಗಾಗಿದ್ದವು. ಅಣೆಕಟ್ಟಿನ ನೀರು ಗಟ್ಟಿಯಾಗಿದೆ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಪಂದ್ಯ ನಾಳೆಯೇ ಎಂದು ರೇಡಿಯೊ ಹೇಳಿದ್ದೇ ತಡ, ಊರಿಗೆ ಊರೇ ಅತ್ತ ಹೊರಡಲು ಸಜ್ಜಾಯಿತು. ಅಪ್ಪ ಮತ್ತು ತಂಗಿ ಊನಾ ಮರುದಿನ ನಸುಕಿನಲ್ಲೇ ಹೊರಟರು. ಕುರಿಗಳಿಗೆ ಹುಲ್ಲು ಹಾಕಲು ಇಷ್ಬೆಲ್ ಉಳಿದಳು. ಅವರ ಕುರಿಗಳನ್ನು ನೋಡಿಕೊಳ್ಳುತ್ತಿದ್ದ ರೆವಿ ಅಪ್ಪನ ತಂಡದಲ್ಲಿ ಆಡಬೇಕಾಗಿತ್ತು. ಕೊನೇ ಗಳಿಗೆಯಲ್ಲಿ, "ನಾನೂ ಇರ್ತೀನಿ" ಎಂದುಬಿಟ್ಟ.

ಜನರಿಲ್ಲದ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಒಲೆಯಲ್ಲಿ ಕಲ್ಲಿದ್ದಲು ಕುಸಿಯುವುದೂ ಕೇಳುತ್ತಿತ್ತು.

"ಟೋಪಿ ಉಲ್ಟಾ ಹಾಕ್ಕೊಂಡಿದೀಯ," ಎಂದ ರೆವಿ, ಟೀ ಲೋಟದ ಮೇಲಿಂದ ನೋಡುತ್ತ.

"ಕಿವಿ ಮುಚ್ಚಿದ್ರೆ ಸಾಕು."

"ಕುರಿಗಳು ನಗ್ತಾವೆ."

"ನಿನ್ನ ಗಡ್ಡ ನೋಡಿ ನಗದೇ ಇರೋವು, ನನ್ನ ಟೋಪಿ ನೋಡಿ ನಗ್ತಾವಾ?"

ಅವನು ನಕ್ಕ. ಎಷ್ಟೋ ದಿನಗಳ ಮೇಲೆ ಆ ನಗು ತನಗೊಬ್ಬಳಿಗೇ ಸಿಕ್ಕಿತೆಂದು ಇಷ್ಬೆಲ್‌ಗೆ ಕೆನ್ನೆ ಬಿಸಿಯಾಯಿತು.

ಎರಡು ಚಳಿಗಾಲದ ಹಿಂದೆ, ಉಣ್ಣೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಮದುವೆಯಾಗ್ತೀಯಾ ಎಂದು ಅವನು ಕೇಳಿದ್ದ. ಅಮ್ಮ ತೀರಿಕೊಂಡ ಹೊಸತು. "ಈಗಲ್ಲ ರೆವಿ, ಅಪ್ಪ ಸುಧಾರಿಸ್ಕೊಳ್ಳಲಿ," ಎಂದಿದ್ದಳು. ಅವನು ಮತ್ತೆ ಕೇಳಲೇ ಇಲ್ಲ. ಆ ಮೌನವನ್ನು ಅವಳು ತಾಳ್ಮೆ ಎಂದುಕೊಂಡಳು.

ಟೀ ಮುಗಿಸಿ ಇಬ್ಬರೂ ಹೊರಬಂದರು; ಕೆಳಗಿನ ಹೊಲದಲ್ಲಿ ಅವನು ಕೊಡಲಿಯ ಹಿಂಬದಿಯಿಂದ ನೀರಿನ ತೊಟ್ಟಿಯ ಮಂಜುಗಡ್ಡೆ ಒಡೆಯುತ್ತಿದ್ದ. ಅವನ ರೆಪ್ಪೆಗೂದಲಿನ ಮೇಲೂ ಬಿಳಿ ಪುಡಿ ಕೂತಿತ್ತು. ಅದನ್ನೇ ನೋಡುತ್ತ ಅವಳು ಹುಲ್ಲು ಹರಡಿದಳು.

"ಒಂದು ಮಾತಿದೆ," ಎಂದ ಅವನು. "ನಿನಗೇ ಮೊದ್ಲು ಹೇಳ್ಬೇಕು ಅಂತ ಉಳ್ಕೊಂಡೆ."

ಅವಳು ಒಂದು ಕೈಗವಸು ಕಳಚಿದಳು. ಅವನು ಕೈ ಹಿಡಿದರೆ ಬರಿಗೈ ಇರಲಿ ಎಂದು.

"ನನಗೂ ಹೇಳೋದಿದೆ."

"ಹಾಗಾದ್ರೆ ನೀನೇ ಹೇಳು."

"ಅವತ್ತು ಕೇಳಿದ್ಯಲ್ಲ, ಕೊಟ್ಟಿಗೆ ಹತ್ರ. ಅದಕ್ಕೆ ನನ್ನ ಉತ್ತರ, ಹೂಂ."

ಕೊಡಲಿ ಹಿಡಿದ ಅವನ ಕೈ ಕೆಳಗಿಳಿಯಿತು.

"ನಾನು ಊನಾ ವಿಷ್ಯ ಹೇಳೋಕೆ ಉಳ್ಕೊಂಡಿದ್ದೆ, ಇಷ್ಬೆಲ್."

ತಣ್ಣನೆಯ ಗಾಳಿ ಅವಳ ಬರಿಗೈ ಕಚ್ಚುತ್ತಿತ್ತು.

"ಯಾವಾಗಿಂದ?"

"ಹೋದ ಬೇಸಿಗೆಯಿಂದ."

"ಇನ್ನೊಂದ್ಸಲ ನನ್ನ ಕೇಳ್ಬಹುದಿತ್ತು."

"ಒಂದು ವರ್ಷ ದಿನಾ ಕೇಳೋಣ ಅಂತ ಬರ್ತಿದ್ದೆ. ನನ್ನ ಮುಖ ಕಂಡ್ರೆ ಸಾಕು, ನೀನು ಏನಾದ್ರೂ ಕೆಲಸ ಹೇಳ್ತಿದ್ದೆ."

"ಈಗ?"

"ಈಗ ಅವಳೇ."

ಅವನೊಂದು ಸುಳ್ಳು ಹೇಳಬಾರದಿತ್ತೇ ಎನ್ನಿಸಿತು ಅವಳಿಗೆ.

"ಅವಳಿನ್ನೂ ಒಪ್ಪಿಲ್ಲ," ಎಂದ ರೆವಿ. "ಅಕ್ಕನ ಮನಸ್ಸಲ್ಲಿ ನೀನಿಲ್ಲ ಅಂತ ಗೊತ್ತಾಗ್ಲಿ, ಆಮೇಲೆ ನೋಡೋಣ ಅಂದ್ಳು."

ಅಂದರೆ ತಾನೊಂದು ಮಾತಾಡಿದರೆ ಸಾಕು, ಊನಾ ಅವನನ್ನು ಒಪ್ಪುವುದಿಲ್ಲ. ಇಷ್ಬೆಲ್ ಕೈಗವಸು ಹಾಕಿಕೊಳ್ಳಲು ಹೋದಳು. ಮರಗಟ್ಟಿದ ಬೆರಳು ಒಳಗೆ ಹೋಗಲೊಲ್ಲವು. ರೆವಿ ಸಹಾಯಕ್ಕೆ ಮುಂದೆ ಬಂದ. ಅವಳು ಹಿಂದೆ ಸರಿದಳು.

"ನಾನು ಈಗ ಅಂದಿದ್ದು ಅವಳಿಗೆ ಯಾವತ್ತೂ ಗೊತ್ತಾಗ್ಬಾರ್ದು. ಮಾತು ಕೊಡು."

"ಕೊಟ್ಟೆ."

"ಮದ್ವೆ ಆದ್ಮೇಲೆ ಇಲ್ಲಿರ್ಬೇಡಿ. ಸೌತ್‌ಲ್ಯಾಂಡಲ್ಲಿ ನಿಮ್ಮಣ್ಣ ಇದಾನಲ್ಲ, ಅಲ್ಲಿಗೆ ಹೋಗಿ. ದಿನಾ ನಿನಗೆ ಊಟ ಬಡಿಸೋಕೆ ನನ್ನ ಕೈಲಾಗಲ್ಲ."

"ಊನಾ ನಿನ್ನ ಬಿಟ್ಟು ಬರಲ್ಲ."

"ಅದನ್ನ ನನಗೆ ಬಿಡು."

ಉಳಿದ ಹೊಲಗಳ ಕುರಿಗಳಿಗೂ ಇಬ್ಬರೂ ಹುಲ್ಲು ಹಾಕಿದರು.

ಸಂಜೆ ಊನಾ ಬಂದಳು. ಕೆನ್ನೆ ಕೆಂಪಾಗಿತ್ತು. ಆಟದ ಸುದ್ದಿ ಹೇಳದೆ ಬಾಗಿಲಲ್ಲೇ ನಿಂತು ಅಕ್ಕನ ಮುಖವನ್ನೇ ದಿಟ್ಟಿಸಿದಳು.

"ರೆವಿ ಹೇಳಿದ್ನಾ?"

"ಹೇಳ್ದ. ಕಟ್ಕೋ, ಹೋಗು."

"ನಿಜ ಹೇಳು ಅಕ್ಕ. ನಿನಗೆ ಅವನ ಮೇಲೆ..."

"ಅವನ ಮೇಲಾ? ಕುಡಿದ ಲೋಟ ತೊಳೆದಿಡೋಕೆ ಬರಲ್ಲ ಅವನಿಗೆ."

ಊನಾ ನಗುತ್ತ ಬಂದು ತಬ್ಬಿಕೊಂಡಳು. ನಗು ಅಳುವಾಯಿತು. "ಇಲ್ಲೇ ಇರ್ತೀವಿ ಅಕ್ಕ, ಹಿತ್ತಲ ಮನೇಲಿ. ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"

"ಬೇಡ."

"ಯಾಕೆ?"

"ಅಮ್ಮ ಹೋದಾಗಿಂದ ನಿನಗೆ ಬೇಯಿಸಿ ಹಾಕಿ, ನಿನ್ನ ಬಟ್ಟೆ ತೊಳೆದು ಸಾಕಾಗಿದೆ. ಇನ್ನು ನಿನ್ನ ಗಂಡನ್ದೂ ಮಾಡ್ಲಾ? ಎಲ್ಲಾದ್ರೂ ದೂರ ಹೋಗಿ."

ಊನಾಳ ತೋಳು ಸಡಿಲವಾಯಿತು. "ನಾನು ನಿನಗೆ ಇಷ್ಟು ಭಾರ ಆಗಿದ್ನಾ?"

ಇಷ್ಬೆಲ್ ಅವಳ ಕಡೆ ತಿರುಗದೆ ಕುರಿಮಾಂಸದ ಸಾರು ಕೈಯಾಡಿಸಿದಳು. "ಆಗಿದ್ದೆ."

ಕುರಿಗಳು ಮರಿ ಹಾಕುವ ಮೊದಲೇ ಮದುವೆ ಮುಗಿದು ಅವರಿಬ್ಬರೂ ಸೌತ್‌ಲ್ಯಾಂಡಿಗೆ ಹೋದರು. ಊನಾ ಕಾಗದ ಬರೆಯುವುದು ಅಪ್ಪನಿಗೆ ಮಾತ್ರ. ನಮ್ಮಕ್ಕನಂಥ ಕಲ್ಲೆದೆಯವಳನ್ನು ನಾನು ಕಂಡಿಲ್ಲ ಎಂದು ಅಲ್ಲಿಗೆ ಬಂದವರಿಗೆಲ್ಲ ಹೇಳುತ್ತಾಳಂತೆ. ರೆವಿ ಪಕ್ಕದಲ್ಲೇ ಕೂತು ಕೇಳುತ್ತಾನೆ, ಸುಮ್ಮನಿರುತ್ತಾನೆ.