ಅಂಗೈಯಲ್ಲಿ ಒಂದು ಮಾತು

"ನಿಲ್ಲಿಸ್ರಿ ಇದನ್ನ!"

ಎಂಟನೇ ತರಗತಿಯ ಬಾಗಿಲಲ್ಲಿ ನಿಂತು ಕಾಂತಾಬಾಯಿ ಕೂಗಿದಾಗ ಮಕ್ಕಳೆಲ್ಲ ಬೆಚ್ಚಿ ತಲೆ ಎತ್ತಿದರು.

ಒಬ್ಬೊಬ್ಬರೂ ಎಡ ಅಂಗೈಯನ್ನು ಎದೆಯ ಮುಂದೆ ತೆರೆದು, ಅದರಲ್ಲೇ ನೋಟ ನೆಟ್ಟು ಕುಳಿತಿದ್ದರು. ಅವರ ಮುಂದೆ ನಿಂತಿದ್ದವನು ಕನ್ನಡ ಮಾಸ್ತರ ಬೀರಣ್ಣ, ಮನೂರಿನ ಕುರುಬರ ಮನೆಯ ಹುಡುಗ.

ಬೆಳಿಗ್ಗೆಯಷ್ಟೇ ಅದೇ ರೀತಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ ಬಂದಿದ್ದಳು ಕಾಂತಾಬಾಯಿ. ಅವಳ ರಕ್ತ ಕುದಿಯಿತು!

"ಲಿಂಗಪೂಜಿ ಅಂದ್ರ ನಿಮಗ ಹುಡುಗಾಟ ಆತೇನ್ರಿ ಮಾಸ್ತರ? ಅಣಕ ಮಾಡಾಕ ಬ್ಯಾರೆ ಏನೂ ಸಿಗಲಿಲ್ಲೇನು?"

ಬೀರಣ್ಣನ ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದ... ಹೇಳಲಿಲ್ಲ. ಆ ಮೌನವನ್ನೇ ಅವಳು ತಪ್ಪೊಪ್ಪಿಗೆ ಅಂದುಕೊಂಡಳು. ಕೋಪ ಬಂದರೆ ನಮ್ಮ ಕಾಂತಾಬಾಯಿಗೆ ಹಿಂದುಮುಂದು ಕಾಣುವುದಿಲ್ಲ, ಏನು ಮಾಡುವುದು!

ಅದು ನಿಜಾಮರ ಕಾಲ. ಕಚೇರಿ, ಪರೀಕ್ಷೆ, ಸರ್ಕಾರಿ ಶಾಲೆ ಎಲ್ಲವೂ ಉರ್ದುವಿನಲ್ಲಿ. ತಾಂಡೂರಿನ ವ್ಯಾಪಾರಿಗಳು ಕೂಡಿ ಕಟ್ಟಿದ ಈ ಕನ್ನಡ ಶಾಲೆಗೆ ಕಾಂತಾಬಾಯಿಯ ತಂದೆ ಮನ್ಮಥಪ್ಪನವರೇ ಹಿರಿಯರು. ಅವಳು ಅಲ್ಲಿ ಸಣ್ಣ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದಳು. ಬೀರಣ್ಣನಿಗೆ ಈ ಕೆಲಸ ಹೋದರೆ ಕನ್ನಡ ಕಲಿಸುವ ಇನ್ನೊಂದು ಶಾಲೆ ಹುಡುಕುವುದು ಸುಲಭವಿರಲಿಲ್ಲ.

ಮಗಳ ದೂರು ಕೇಳಿ ಮನ್ಮಥಪ್ಪ ಗಂಭೀರವಾಗಿ ಹೇಳಿದರು. "ಸೋಮವಾರ ಶಾಲಿ ಪಂಚರು ಕೂಡ್ತಾರ. ಖರೇ ಇದ್ರ ಆತ ಇಲ್ಲಿ ಇರೂದಿಲ್ಲ. ಅದಕ್ಕೂ ಮೊದಲ ನೀ ಒಂದು ದಿನ ಆತನ ಪಾಠಕ್ಕ ಕೂತು ನೋಡು. ಪಂಚರ ಮುಂದ ನೀನೇ ಹೇಳಬೇಕು."

ಮರುದಿನ ಅವಳು ಹಿಂದಿನ ಸಾಲಿನಲ್ಲಿ ಕುಳಿತಳು. 'ಇವತ್ತು ಏನು ನಾಟಕ ಆಡ್ತಾನೋ ನೋಡೋಣ...'

ಬೀರಣ್ಣ ಅವಳತ್ತ ನೋಡಲಿಲ್ಲ. ಪದ್ಯದ ಒಂದು ಸಾಲನ್ನು ನಿಧಾನವಾಗಿ ಓದಿದ.

"ಬಾವಿಗೆ ಹೋದ ಅಕ್ಕ ಇನ್ನೂ ಬರಲಿಲ್ಲ..."

ಸ್ವಲ್ಪ ತಡೆದು, "ಸಾವಕಾಶ, ಸಾವಕಾಶ" ಎಂದು ಮತ್ತೆ ಅದನ್ನೇ ಓದಿದ. ಅಷ್ಟೇ. ಅರ್ಥ ಹೇಳಲಿಲ್ಲ, ಬಾಯಿಪಾಠ ಮಾಡಿಸಲಿಲ್ಲ. ಅಂಗೈ ತೆರೆಯಿರಿ ಎಂದೂ ಹೇಳಲಿಲ್ಲ. ಆದರೆ ಮಕ್ಕಳ ಅಂಗೈಗಳು ತಾವಾಗಿಯೇ ತೆರೆದುಕೊಂಡವು.

ಸಾಲಿನಿಂದ ಒಂದೊಂದು ಮಾತನ್ನು ಆರಿಸಿ, ಅದು ಅಂಗೈಯಲ್ಲೇ ಇದೆಯೆಂಬಂತೆ ಅವರು ನೋಡುತ್ತ ಕುಳಿತರು. ಆಮೇಲೆ ಆ ತರಗತಿಯ ಇಬ್ಬರೇ ಹುಡುಗಿಯರಲ್ಲಿ ಒಬ್ಬಳಾದ ಮೋನಮ್ಮ ಮೆಲ್ಲಗೆ ಹೇಳಿದಳು. "ನಾ 'ಇನ್ನೂ' ಅನ್ನೂ ಮಾತು ತಗೊಂಡೀನ್ರಿ. ಅದರಾಗ ಯಾರೋ ಬಾಗಲದಾಗ ನಿಂತಾರ್ರಿ. ಹೊತ್ತು ಮುಳುಗ್ಯಾದ, ಆದ್ರೂ ಒಳಗ ಹೋಗವಲ್ರು."

"ಯಾಕ ಹೋಗವಲ್ರು?"

"ಒಳಗ ಹೋದ್ರ ಅಕ್ಕ ಬರೂದಿಲ್ಲಂತ ಒಪ್ಕೊಂಡಂಗ ಆಗ್ತದಲ್ರಿ..."

ಕಾಂತಾಬಾಯಿ ಥಟ್ಟನೆ ತಲೆ ಎತ್ತಿದಳು.

ಅವಳ ಅಕ್ಕ ಶಾಂತಾಬಾಯಿ ಜಹೀರಾಬಾದಿಗೆ ಮದುವೆಯಾಗಿ ಹೋಗಿದ್ದಳು. ಹೆರಿಗೆಗೆ ತವರಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದಳು. ಬಂದದ್ದು ಅವಳ ಸಾವಿನ ಸುದ್ದಿ. ಆ ದಿನ ಬಾಗಿಲಲ್ಲಿ ನಿಂತ ಕಾಂತಾಬಾಯಿ ಕತ್ತಲಾದರೂ ಒಳಗೆ ಹೋಗಿರಲಿಲ್ಲ. ಅಂದಿನಿಂದ ಮನೆಯಲ್ಲಿ ಯಾರೂ ಶಾಂತಾಳ ಹೆಸರೆತ್ತಿರಲಿಲ್ಲ!

ತನ್ನ ಅಂಗೈ ಯಾವಾಗ ತೆರೆದುಕೊಂಡಿತೋ ಅವಳಿಗೇ ತಿಳಿಯಲಿಲ್ಲ. ಅದರ ಮೇಲೆ ಕಣ್ಣೀರು ಬಿತ್ತು. ಎಷ್ಟೋ ಪದ್ಯಗಳನ್ನು ಗಿಳಿಪಾಠ ಮಾಡಿ ಒಪ್ಪಿಸಿದ್ದಳು, ಒಂದನ್ನೂ ಹೀಗೆ ಓದಿರಲಿಲ್ಲ. ಇಂಥ ಪಾಠ ಮಾಡುವ ಮನುಷ್ಯನ ಮೇಲೆ ತಾನು ಎಂಥ ಅಪವಾದ ಹೊರಿಸಿದೆ!

ಮಕ್ಕಳು ಹೋದ ಮೇಲೆ ಅವಳು ಕೇಳಿದಳು. "ಇದನ್ನ ಎಲ್ಲಿ ಕಲಿತ್ರಿ ಮಾಸ್ತರ?"

"ನಾರಾಯಣಖೇಡದ ಮಠದಾಗ ಉಂಡು ಓದಿದವ ನಾ. ಅಲ್ಲಿನ ಸ್ವಾಮಿಗಳು, ನಮ್ಮ ಅಜ್ಜಾರು, ಅಂಗೈಯಾಗ ಲಿಂಗ ಇಟ್ಕೊಂಡು ಪೂಜಿಗೆ ಕೂತ್ರ ಸಿಡಿಲು ಬಡದ್ರೂ ಅವರ ನೋಟ ಅಲುಗ್ತಿದ್ದಿಲ್ಲ. ಓದೂದಂದ್ರ ಹಿಂಗ ಇರಬೇಕು ಅನಿಸ್ತು. ಅಣಕ ಅಲ್ರಿ... ಅವರಿಂದ ಕಲ್ತದ್ದು."

"ಅವತ್ತೇ ಯಾಕ ಹೇಳಲಿಲ್ಲ?"

"ನಿಮ್ಮ ಭಕ್ತಿ ಖರೇ ಇತ್ರಿ. ಅದರ ಮುಂದ ನನಗ ಮಾತು ಬರಲಿಲ್ಲ." ಅವಳು ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು; ಕಣ್ಣು ಕೀಳಲಾಗಲಿಲ್ಲ.

ಸೋಮವಾರ ಪಂಚರ ಮುಂದೆ ಅವಳು ಎದ್ದು ನಿಂತಳು. "ತಪ್ಪು ನಂದು. ಮಾಸ್ತರದಲ್ಲ."

"ಹಂಗಾರ ಅದು ಏನು ಪಾಠ?" ಮನ್ಮಥಪ್ಪ ಹುಬ್ಬು ಗಂಟಿಕ್ಕಿದರು.

"ಅಪ್ಪಾ, ಅಂಗೈ ತೆರೀರಿ. ಒಂದೇ ಸಾಲು ಓದ್ತೀನಿ."

ಅವಳು ಓದಿದಳು. ತಡೆದಳು. ಮತ್ತೆ ಓದಿದಳು.

ಮನ್ಮಥಪ್ಪ ತೆರೆದ ಅಂಗೈಯನ್ನು ಮುಖದ ಹತ್ತಿರ ತಂದುಕೊಂಡರು. "ಶಾಂತಾ..." ಎಂದರು. ಎಷ್ಟು ವರ್ಷಗಳ ಮೇಲೆ ಆ ಹೆಸರು! ಪಂಚರೆಲ್ಲ ತಲೆ ತಗ್ಗಿಸಿದರು.

ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು ಅವರು ಅಂದರು. "ಮಾಸ್ತರ ಎಲ್ಲೂ ಹೋಗೂದಿಲ್ಲ. ಇಂಥಾ ಪಾಠ ನಮ್ಮ ಮಕ್ಕಳಿಗೆ ಬೇಕು."

ಮರುದಿನ ಶಾಲೆ ಬಿಟ್ಟ ಮೇಲೆ ಬೀರಣ್ಣ ಅವಳ ಬಳಿ ಬಂದು ತಡವರಿಸಿದ.

"ಊರು ಬಿಡಬೇಕಾಗಿತ್ತಂದ್ರ ಬಿಡ್ತಿದ್ದೆ ಕಾಂತಾಬಾಯಿ. ನಿಮ್ಮನ್ನ ನೋಡದ ಇರೂದೇ... ಆಗ್ತಿದ್ದಿಲ್ಲ."

"ಅಪ್ಪಾರನ್ನ ಕೇಳಾಕ ಧೈರ್ಯ ಅದ ಏನ್ರಿ?"

ಅವನು ತಲೆ ತಗ್ಗಿಸಿದ. "ನಾವು ಕುರಿ ಕಾಯೋರು, ನೀವು ಲಿಂಗವಂತರು... ಹೆಂಗ ಕೇಳ್ಲಿ?"

"ನಾ ಕೇಳೀನಿ."

"ಏನು!"

"ನಿನ್ನೆ ಸಂಜಿಕೇ ಕೇಳೀನಿ. 'ಶಾಂತಾನ್ನ ಒಂದು ಮಾತು ಕೇಳದ ಕೊಟ್ಟೆ. ನಿನಗ ಯಾರು ಬೇಕು ನೀನೇ ಹೇಳು. ಊರು ಏನರ ಅಂದ್ರ ನಾ ಮಾತಾಡ್ತೀನಿ' ಅಂದ್ರು." ಅವಳು ನೇರವಾಗಿ ಅವನ ಮುಖ ನೋಡಿದಳು. "ನಿಮ್ಮ ಹೆಸರು ಹೇಳೀನಿ. ನಿಮಗ ಒಪ್ಪಿಗಿ..."

"ಹೂಂ!"

ಕಣ್ತುಂಬಿದ್ದರೂ ಅವಳು ನಕ್ಕುಬಿಟ್ಟಳು. "ಇಷ್ಟು ಲಗೂನ? ಸಾವಕಾಶ, ಸಾವಕಾಶ ಅಂತ ಮಕ್ಕಳಿಗೆ ಹೇಳೋರು ನೀವೇ ಅಲ್ಲೇನ್ರಿ?"

"ಲಗೂ ಎಲ್ಲಿ ಬಂತು?" ಬೀರಣ್ಣನೂ ನಕ್ಕ. "ನೀವು ಈ ಶಾಲಿಗೆ ಬಂದ ದಿನದಿಂದ ಇದನ್ನೇ ಯೋಚನಿ ಮಾಡ್ಕೋತ ಕೂತೀನ್ರಿ!"