ಅಂಜೂರದ ಫಲಾನುಭವಿ

ನನ್ನ ತೋಟ ಎರಡು ಅಪಾರ್ಟ್‌ಮೆಂಟ್‌ಗಳ ನಡುವೆ, ಬಸ್ ಸೀಟಿನಲ್ಲಿ ಇಬ್ಬರು ದಪ್ಪಗಿನವರ ಮಧ್ಯೆ ಸಿಕ್ಕಿಕೊಂಡ ಬಡಕಲು ಮನುಷ್ಯನ ಹಾಗೆ, ಉಸಿರು ಬಿಗಿಹಿಡಿದು ಕೂತಿದೆ. ಆದರೂ ಅಲ್ಲಿಯ ಅಂಜೂರ ಎಂಥದ್ದು ಅಂದರೆ, ಹೋದ ವರ್ಷ ಒಂದೇ ಒಂದು ಹಣ್ಣು ಹಿಡಿದು ಲಿಫ್ಟ್ ಹತ್ತಿದೆ; ‘ಓವರ್‌ಲೋಡ್’ ಅಂತ ಲಿಫ್ಟ್ ಕಿರುಚಿಕೊಂಡಿತು. ನಂಬದಿದ್ದರೆ ವಾಚ್‌ಮನ್‌ನನ್ನು ಕೇಳಿ.

ಪಟ್ಟಣದೊಳಗಿನ ಸಣ್ಣ ರೈತರಿಗೆ ಸರ್ಕಾರ ನೀರಿನ ಪಂಪು ಕೊಡುತ್ತದೆ. ಅದು ಸಿಗದಿದ್ದರೆ ಈ ಬೇಸಿಗೆಗೆ ನನ್ನ ಗಿಡಗಳ ಕಥೆ ಮುಗಿದಂತೆ. ತೋಟವನ್ನು ಕಾರ್ ಪಾರ್ಕಿಂಗ್‌ಗೆ ಕೊಡೋಣ ಅಂತ ಅಣ್ಣ ತುದಿಗಾಲಲ್ಲಿ ನಿಂತಿದ್ದ.

ಅರ್ಜಿ ಹಾಕಲು ನಾಲ್ಕು ಸಲ ಆಫೀಸಿಗೆ ಹೋದೆ. ಒಂದು ಸಲ ಸಾಕಿತ್ತು. ಆದರೆ ಮೂರನೇ ಕೌಂಟರಿನಲ್ಲಿ ಮೇಡಂ ಇದ್ದಳಲ್ಲ! ಪ್ರತಿ ಸಲವೂ ಒಂದು ಕಾಗದ ಮರೆತು, ಒಂದು ಡಬ್ಬಿ ಅಂಜೂರ ಮರೆಯದೆ ಹೋಗುತ್ತಿದ್ದೆ. ಅವಳು ಡಬ್ಬಿಯನ್ನು ಇಡೀ ಆಫೀಸಿಗೆ ಹಂಚಿ, ತನಗೆ ಒಂದೇ ಹಣ್ಣು ಇಟ್ಟುಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು. ನಾನು ಲಿಫ್ಟಿನ ಕತೆ, ಅಣ್ಣನ ಪಾರ್ಕಿಂಗ್ ಕತೆ ಹೇಳುತ್ತಾ, ಆ ರೆಪ್ಪೆಗಳನ್ನು ನೋಡುತ್ತಾ ನಿಲ್ಲುತ್ತಿದ್ದೆ.

ಅರ್ಜಿ ಹಾಕುವ ಕೊನೆಯ ದಿನ ಅವಳದೇ ಫೋನು. ದನಿಯಲ್ಲಿ ಮೆಣಸಿನಕಾಯಿ. ಓಡಿದೆ.

"ಏನ್ರೀ ಇದು? ‘ಫಲಾನುಭವಿಯ ಹೆಸರು’ ಅನ್ನೋ ಕಡೆ ನನ್ನ ಹೆಸರು ಬರ್ದಿದೀರಲ್ಲ!"

"ನಿಮ್ಮ ಮೇಜಿನ ಬೋರ್ಡ್ ನೋಡ್ಕೊಂಡೇ ಬರ್ದೆ. ಕಾಗುಣಿತ ತಪ್ಪಿದ್ಯಾ?"

"ನನ್ನ ಹೆಸರ್ಯಾಕೆ ಅಂತ ಕೇಳ್ದೆ!"

"ಫಲಾನುಭವಿ ಅಂದ್ರೆ ಫಲ ತಿನ್ನೋರು ತಾನೆ? ನನಗೆ ಅಂಜೂರ ಆಗ್ಬರಲ್ಲ, ಮೈಯೆಲ್ಲ ತುರಿಕೆ. ತಿನ್ನೋರು ನೀವು. ಸುಳ್ಳು ಬರೀಬಾರ್ದು ಅಂತ ಕೆಳಗೆ ದಪ್ಪಕ್ಷರದಲ್ಲಿ ಹಾಕಿದ್ರು."

"ಅಯ್ಯೋ, ಸರ್ಕಾರದ ಸಹಾಯ ಪಡೆಯೋರು ಅಂತ ಅರ್ಥ! ಅಂದ್ರೆ ನೀವು!"

ಪಕ್ಕದ ಮೇಜಿನ ಹಿರಿಯರು ಕನ್ನಡಕ ಇಳಿಸಿ ನೋಡಿದರು. "ನೀನು ದಿನಾ ಹೇಳ್ತಿರ್ತೀಯಲ್ಲಮ್ಮ, ಲಿಫ್ಟ್ ಕತೆಯವನು, ಇವನೇನಾ?"

ದಿನಾ! ಅವಳ ಕಿವಿ ಕೆಂಪಾಯಿತು.

"ಐದಕ್ಕೆ ಬಾಗಿಲು ಹಾಕ್ತಾರೆ. ಇದೇ ಫಾರಂ ಹೋದ್ರೆ ಅರ್ಜಿ ರಿಜೆಕ್ಟು, ನಿಮ್ಮ ತೋಟ ಪಾರ್ಕಿಂಗು. ಬೇಗ ಬರೀರಿ," ಅಂತ ಹೊಸ ಫಾರಂ ತಳ್ಳಿದಳು. ಫ್ಯಾನ್ ಗಾಳಿಗೆ ಹಾರದಂತೆ ಅದರ ಅಂಚನ್ನು ಒತ್ತಿ ಹಿಡಿದಳು. ಅವಳ ಕಿರುಬೆರಳು ನನ್ನ ಕಿರುಬೆರಳಿನ ಪಕ್ಕದಲ್ಲೇ. ಅಷ್ಟು ಹೊತ್ತೂ ಗೋಡೆ ಗಡಿಯಾರ ನಿಂತಿತ್ತು. ವಾಚ್‌ಮನ್‌ನನ್ನು ಕೇಳಿ ಅನ್ನಬಹುದು, ಆದರೆ ಅವನು ಅಲ್ಲಿರಲಿಲ್ಲ.

ಬರೆದು ಮುಗಿಸಿದೆ. ಅವಳು ಸೀಲು ಒತ್ತಿ, ಅರ್ಜಿಯನ್ನು ಹಿರಿಯರ ಮೇಜಿಗೆ ದಾಟಿಸಿದಳು.

"ಇನ್ಮೇಲೆ ನೀವು ನೋಡಲ್ವಾ? ಕೋಪಾನಾ?"

"ನಾನು ಮುಟ್ಟೋ ಹಾಗಿಲ್ಲ." ಹಳೆಯ ಫಾರಂ ಅನ್ನು ನಾಲ್ಕು ಮಡಿಕೆ ಮಾಡಿ ತನ್ನ ಬ್ಯಾಗಿಗೆ ಹಾಕಿಕೊಂಡಳು. "ಸಂಬಂಧಿಕರ ಅರ್ಜಿ ಬೇರೆಯವರು ನೋಡ್ಬೇಕು. ರೂಲ್ಸು."

"ಸಂಬಂಧಿಕರಾ? ನಾವು ಯಾವ ಕಡೆಯಿಂದ ಮೇಡಂ?"

"ಅದನ್ನ ಭಾನುವಾರ ಮನೆಗೆ ಬಂದು ನಮ್ಮಮ್ಮನ್ನ ಕೇಳಿ," ಅಂದಳು, ತಲೆ ಎತ್ತದೆ. "ಡಬ್ಬಿ ಮರೀಬೇಡಿ."

ಹಿರಿಯರು ಬಂದು ತೋಟ ಅಳೆದರು, ಪಂಪು ಮಂಜೂರಾಯಿತು. ಸರ್ಕಾರದ ಲೆಕ್ಕದಲ್ಲಿ ಫಲಾನುಭವಿ ನಾನೇ. ಅಂಜೂರ ಮಾತ್ರ ಈಗಲೂ ಅವಳೇ ತಿನ್ನುತ್ತಾಳೆ, ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು.